ಎರಡೂವರೆ ಗುಂಟೆ

ನನ್ನ ತವರು ಇಂಗಳೇಶ್ವರ, ಕೊಟ್ಟ ಮನೆ ಬಸವನಬಾಗೇವಾಡಿ. ಈ ಎರಡೂ ಊರುಗಳ ನಡುವೆ ಒಂದು ಹಳೆಯ ತಕರಾರು ಉಂಟು. ಬಸವಣ್ಣ ಹುಟ್ಟಿದ್ದು ತಮ್ಮಲ್ಲಿ ಎಂದು ಬಾಗೇವಾಡಿಯವರು; ಅಲ್ಲ, ತಾಯಿ ಮಾದಲಾಂಬಿಕೆಯ ತವರು ನಮ್ಮೂರು, ಹಡೆಯಲು ಹೆಣ್ಣುಮಗಳು ತವರಿಗೇ ಬರುವುದಲ್ಲವೆ, ಆದ್ದರಿಂದ ಹುಟ್ಟಿದ್ದು ನಮ್ಮಲ್ಲಿ ಎಂದು ಇಂಗಳೇಶ್ವರದವರು. ನಾನು ದಿನಾಲೂ ಬಾಗೇವಾಡಿಯಲ್ಲಿ ಬಸ್ಸು ಹಿಡಿದು ಇಂಗಳೇಶ್ವರದ ಶಾಲೆಗೆ ಬಂದು ಪಾಠ ಹೇಳುವವಳು. ಹೀಗಾಗಿ ಹಗಲು ತವರಿನ ಪಕ್ಷ, ರಾತ್ರಿ ಗಂಡನ ಮನೆಯ ಪಕ್ಷ. ಇಷ್ಟು ವರ್ಷ ಹೇಗೋ ಎರಡೂ ಕಡೆ ಮಾನ ಉಳಿಸಿಕೊಂಡು ಬಂದಿದ್ದೇನೆ.

ಎರಡು ಊರಿನವಳ ಪಾಡೇ ಹೀಗಾದರೆ ಮೂರು ಊರಿನವಳ ಪಾಡು ಏನು? ನನ್ನ ತಂಗಿ ಹಾಗೆ ಮೂರು ಊರಿನವಳು. ತವರು ಇಂಗಳೇಶ್ವರ, ಕೊಟ್ಟದ್ದು ವಿಜಯಪುರಕ್ಕೆ, ಸಂಸಾರ ಮಾಡಿದ್ದು ಲಂಡನ್ನಿನಲ್ಲಿ. ಲಂಡನ್ನು ಎಂದರೆ ರಾಣಿಯ ಅರಮನೆಯ ಹತ್ತಿರವೇನಲ್ಲ. ಊರಿನ ವಾಯವ್ಯ ಅಂಚಿನ ಹ್ಯಾರೋ ಎಂಬಲ್ಲಿ. ಅಲ್ಲಿ ಗುಜರಾತಿಗಳು ಬಹಳ, ಅವರ ಅಂಗಡಿಯಲ್ಲಿ ‘ಜುವಾರ್’ ಎಂದು ಬರೆದ ಚೀಲದಲ್ಲಿ ಜೋಳದ ಹಿಟ್ಟು ಸಿಗುತ್ತದೆ. 1999ರಲ್ಲಿ ಹೋದವಳು ಮೊದಲ ಪತ್ರದಲ್ಲಿ ಬರೆದದ್ದು ಅದನ್ನೇ. ಎರಡನೆಯ ಪತ್ರದಲ್ಲಿ, ರೊಟ್ಟಿಯನ್ನು ಉರಿಗೆ ಹಿಡಿದು ಉಬ್ಬಿಸಲು ಹೋದಾಗ ಛಾವಣಿಯಲ್ಲಿದ್ದ ಹೊಗೆ ಕಂಡರೆ ಕೂಗುವ ಯಂತ್ರ ಕೂಗಿಕೊಂಡು, ನೆರೆಮನೆಯವರು ಬಂದು ಬಾಗಿಲು ಬಡಿದದ್ದು.

2020ರ ಏಪ್ರಿಲಿನಲ್ಲಿ ಅವಳ ಗಂಡ ತೀರಿಕೊಂಡ. ವಿಮಾನಗಳೆಲ್ಲ ನಿಂತಿದ್ದ ಕಾಲ. ನಾವು ಮಣ್ಣಿಗೆ ಹೋಗಲಿಲ್ಲ, ಫೋನಿನೊಳಗೆ ನೋಡಿದೆವು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

2022ರ ಫೆಬ್ರವರಿಯಲ್ಲಿ ತಂಗಿ ಊರಿಗೆ ಬಂದಳು. ಸೂಟಿಗೆ ಬಂದದ್ದಲ್ಲ, “ಇನ್ನ ಹೋಗೂದಿಲ್ಲ ಅಕ್ಕಾ, ಅವ್ವನ ಕೂಡ ಇರ್ತೀನಿ” ಎಂದು ಬಂದದ್ದು. ಮಗಳು ದೊಡ್ಡವಳು, ಅಲ್ಲಿಯೇ ನೌಕರಿ. ಗೆಳತಿಯೊಬ್ಬಳನ್ನು ಜೊತೆಗಿಟ್ಟುಕೊಂಡು ಆ ಮನೆಯಲ್ಲೇ ಇರುತ್ತಾಳೆ. ನನಗಂತೂ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಶಾಲೆಯ ಮಧ್ಯಾಹ್ನದ ಸೂಟಿಯಲ್ಲಿ ತವರಿಗೆ ಓಡಿ ಹೋಗಿ ತಂಗಿಯ ಎದುರು ಡಬ್ಬಿ ಬಿಚ್ಚಿ ಉಣ್ಣುವುದು, ಐವತ್ತು ದಾಟಿದ ಮೇಲೆ ಅದಕ್ಕಿಂತ ಹೆಚ್ಚಿನ ಸುಖ ನನಗೇನು ಬೇಕಿತ್ತು?

ಅವಳು ಇನ್ನೂ ಭಾರತದ ಪಾಸ್‌ಪೋರ್ಟಿನವಳೇ. ಗಂಡ, ಮಗಳು ಅಲ್ಲಿಯ ಪೌರರಾದರು, ಇವಳು ಆಗಲಿಲ್ಲ. ನಮ್ಮ ದೇಶ ಎರಡು ಪೌರತ್ವ ಒಪ್ಪುವುದಿಲ್ಲ, ಅದನ್ನು ತಗೊಂಡರೆ ಇದನ್ನು ಬಿಡಬೇಕು. ಹಾಗೆ ಬಿಟ್ಟವರಿಗೆ ಈಗ ಒಂದು ಕಾರ್ಡು ಕೊಡುತ್ತಾರೆ, ಯಾವಾಗ ಬೇಕಾದರೂ ಬಂದು ಇರಬಹುದು, ಆದರೆ ಆ ಕಾರ್ಡಿನವರು ಹೊಲ ಕೊಳ್ಳುವಂತಿಲ್ಲ. ಇವಳ ತಲೆಯಲ್ಲಿ ಮೊದಲಿನಿಂದಲೂ ಒಂದೇ ಕನಸು: ನಮ್ಮ ಹೊಲದ ಬದಿಗೆ ಒಂದು ಎಕರೆ ಕೊಳ್ಳಬೇಕು, ಬದುವಿನ ಮೇಲೆ ಸಣ್ಣ ಮನೆ ಕಟ್ಟಬೇಕು. ಅದಕ್ಕೇ ನೀಲಿ ಪಾಸ್‌ಪೋರ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಅಲ್ಲಿ ಇರುವುದಕ್ಕೆ ಖಾಯಂ ಪರವಾನಗಿ ಇತ್ತು. ಆ ಪರವಾನಗಿಗೆ ಒಂದು ಗಡುವು: ಸತತ 2 ವರ್ಷಕ್ಕಿಂತ ಹೆಚ್ಚು ದಿನ ದೇಶದ ಹೊರಗಿದ್ದರೆ ಅದು ಬಿದ್ದುಹೋಗುತ್ತದೆ. “ಬೀಳ್ಲಿ ಬಿಡು” ಎಂದಿದ್ದಳು ಬಂದ ಹೊಸತರಲ್ಲಿ.

ಅಲ್ಲಿ ಅವಳು ದಿನ ಕಳೆಯುತ್ತಿದ್ದುದು ಹೇಗೆ ಎಂಬುದು ನನಗೆ ಸರಿಯಾಗಿ ಗೊತ್ತಾದದ್ದೇ ಅವಳು ಇಲ್ಲಿಗೆ ಬಂದ ಮೇಲೆ. ಫೋನಿನಲ್ಲಿ ನಾವು ಮಾತಾಡುತ್ತಿದ್ದುದೆಲ್ಲ ಮಂದಿಯ ಸುದ್ದಿ, ಲಗ್ನದ ಸುದ್ದಿ, ಯಾರ ಸಕ್ಕರೆ ಎಷ್ಟು ಏರಿದೆ ಎಂಬ ಸುದ್ದಿ. ಆದರೆ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿ ಅವಳು ಹೇಳತೊಡಗಿದಳೆಂದರೆ ಬರೀ ತನ್ನ ‘ಪ್ಲಾಟಿ’ನ ಸುದ್ದಿ. ಮೊದಲು ನಾನು ಮನೆ ಕಟ್ಟುವ ಪ್ಲಾಟು ಎಂದುಕೊಂಡೆ. ಅದು ಅಲಾಟ್‌ಮೆಂಟು. ಇಂಗ್ಲೆಂಡಿನ ಊರುಗಳಲ್ಲಿ ಹೊಲ ಇಲ್ಲದವರಿಗೆ ಕಾಯಿಪಲ್ಯ ಬೆಳೆದುಕೊಳ್ಳಲು ತುಂಡು ನೆಲವನ್ನು ಬಾಡಿಗೆಗೆ ಕೊಡುತ್ತಾರೆ. ಜನ ಕೇಳಿದರೆ ಇಂಥ ನೆಲ ಒದಗಿಸಬೇಕೆಂದು 1908ರ ಕಾಯ್ದೆಯೇ ಇದೆಯಂತೆ. ಪೂರ್ತಿ ತುಂಡು ಎಂದರೆ ಅವರ ಹಳೆಯ ಲೆಕ್ಕದಲ್ಲಿ ಹತ್ತು ಗಳೆ, ಸುಮಾರು 250 ಚದರ ಮೀಟರು. ನಾನು ಲೆಕ್ಕ ಹಾಕಿ, “ಅಂದ್ರ ಎರಡೂವರಿ ಗುಂಟೆ!” ಎಂದು ನಕ್ಕೆ. ನಮ್ಮ ಅಪ್ಪನದು ಹದಿನೆಂಟು ಎಕರೆ ಎರೆ ಹೊಲ. ಅದರ ಬದುವೇ ಎರಡೂವರೆ ಗುಂಟೆ ಆದೀತು.

“ನಗಬ್ಯಾಡ, ಅದು ಸಿಗಾಕ ಐದು ವರ್ಷ ಪಾಳಿ ಹಚ್ಚೀನಿ” ಎಂದಳು.

ಆ ಎರಡೂವರೆ ಗುಂಟೆಯಲ್ಲಿ ಏನೆಲ್ಲ! ಮಾರ್ಚಿ ಕೊನೆಗೆ ಬಟಾಟೆ, ಏಪ್ರಿಲಿನಿಂದ ಮೆಂತೆ, ಚಳಿಗಾಲದ ಮುಂಚೆ ಹಾಕಿದರೆ ವಸಂತದಲ್ಲಿ ಕಾಯಿ ಬಿಡುವ ದಪ್ಪ ಅವರೆಯಂಥ ಕಾಳು. ಕೊತ್ತಂಬರಿ ನಾಲ್ಕು ಎಲೆ ಬಿಡುವುದರೊಳಗೆ ಹೂವಿಗೆ ಓಡುತ್ತದೆ. ಪುಂಡಿ ಪಲ್ಯ ಮಾತ್ರ ಏನು ಮಾಡಿದರೂ ಬರುವುದಿಲ್ಲ, ಅದಕ್ಕೆ ನಮ್ಮ ಬಿಸಿಲೇ ಬೇಕು. ಪುಂಡಿಯ ಬಾಯಿಚಪಲಕ್ಕೆ ಅವಳು ಕಂಡುಕೊಂಡದ್ದು ರೂಬಾರ್ಬ್ ಎಂಬ ಗಿಡ. ಅದರ ಕೆಂಪು ದಂಟು ಹುಳಿ ಎಂದರೆ ಹುಳಿ. ಅಲ್ಲಿಯವರು ಸಕ್ಕರೆ ಸುರಿದು ತಿನ್ನುತ್ತಾರೆ. ಇವಳು ಜೋಳದ ನುಚ್ಚು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹೆಟ್ಟಿ ಪಲ್ಯ ಮಾಡುತ್ತಾಳೆ. ಪುಂಡಿಯಲ್ಲಿ ಎಲೆ ತಿಂದು ದಂಟಿನಿಂದ ನಾರು ತೆಗೆಯುತ್ತೇವೆ. ರೂಬಾರ್ಬಿನಲ್ಲಿ ದಂಟು ತಿನ್ನಬೇಕು, ಎಲೆ ವಿಷ. “ಎಲ್ಲಾ ಉಲ್ಟಾ ದೇಶ ಅಕ್ಕಾ ಅದು” ಎನ್ನುತ್ತಿದ್ದಳು. ಮಣ್ಣು ಮಾತ್ರ ಉಲ್ಟಾ ಅಲ್ಲವಂತೆ. ಆ ಭಾಗದ್ದು ಜಿಗುಟು ಮಣ್ಣು, ಮಳೆ ಬಂದರೆ ಕಾಲಿಗೆ ಮೆತ್ತಿ ಬಿಡುವುದಿಲ್ಲ, ಬೇಸಿಗೆಯಲ್ಲಿ ನಮ್ಮ ಎರೆಯ ಹಾಗೆ ಬಿರಿಯುತ್ತದೆ. ಮೊದಲ ಸಲ ಬಿರುಕಿನಲ್ಲಿ ಬೆರಳು ಇಟ್ಟು ನೋಡಿ ಅತ್ತಿದ್ದಳಂತೆ. ಅವಳಿಗೆ ದೊಡ್ಡ ವೈರಿ ಬಸವನಹುಳು. ಚಿಪ್ಪಿದ್ದವು, ಚಿಪ್ಪಿಲ್ಲದವು, ರಾತ್ರಿ ಬಂದು ಸಸಿಗಳನ್ನೆಲ್ಲ ಮೇಯ್ದು ಹೋಗುತ್ತವೆ. ಬಾಗೇವಾಡಿ ತಾಲೂಕಿನವಳಾಗಿ ಆ ಹೆಸರಿನ ಹುಳುವನ್ನು ಕೊಲ್ಲುವುದು ಹೇಗೆ? ಡಬ್ಬಿಯಲ್ಲಿ ತುಂಬಿಕೊಂಡು ದೂರದ ಬೇಲಿಗೆ ಬಿಟ್ಟು ಬರುತ್ತಿದ್ದಳು. ಅವು ಮರಳಿ ಬರುತ್ತಿದ್ದವು.

ಬುಧವಾರ ಅಲ್ಲಿಯ ಗ್ರಂಥಾಲಯದಲ್ಲಿ ಹೆಂಗಸರ ಹೊಲಿಗೆಯ ಕೂಟ. ಇವಳು ಹಳೆಯ ಸೀರೆಗಳನ್ನು ಒಯ್ದು ಕೌದಿ ಹೊಲಿಯುತ್ತಿದ್ದಳು. ಪೋಲೆಂಡಿನವಳೊಬ್ಬಳು, ಜಮೈಕಾದ ಅಜ್ಜಿಯೊಬ್ಬಳು, ಪಕ್ಕದ ತುಂಡಿನ ಎಂಬತ್ತರ ಇಂಗ್ಲಿಷ್ ಮುದುಕಿ. ಚಳಿಗಾಲದಲ್ಲಿ ನಾಲ್ಕಕ್ಕೇ ಕತ್ತಲು, ಆಗ ಈ ಕೂಟವೇ ಗತಿ. ಜೂನಿನಲ್ಲಿ ಒಂಬತ್ತು ದಾಟಿದರೂ ಬೆಳಕು, ಆಗ ಹೊಲವೇ ಗತಿ. ಬಸವ ಜಯಂತಿ ಬಂದರೆ ಎರಡು ಸಲ ರೈಲು ಬದಲಿಸಿ ಥೇಮ್ಸ್ ದಂಡೆಗೆ ಹೋಗುತ್ತಾಳೆ. ಅಲ್ಲಿ ಬಸವಣ್ಣನವರ ಮೂರ್ತಿ ಇದೆಯಲ್ಲ, 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ್ದು, ಕಲಬುರಗಿ ಕಡೆಯ ಡಾ. ನೀರಜ್ ಪಾಟೀಲರು ಲ್ಯಾಂಬೆತ್‌ನ ಮೇಯರ್ ಆಗಿದ್ದವರು ಓಡಾಡಿ ಮಾಡಿಸಿದ್ದು. “ನಮ್ಮೂರ ಮಗಳ ಮಗ, ಹೊಳಿ ದಂಡಿಗೆ ಒಬ್ಬನ ನಿಂತಾನ, ನೋಡಿ ಬರಬೇಕಲ್ಲ” ಎನ್ನುತ್ತಾಳೆ. ಲಂಡನ್ನಿನಲ್ಲೂ ಅವಳು ಇಂಗಳೇಶ್ವರದ ಪಕ್ಷವನ್ನೇ ಹಿಡಿದಿದ್ದಾಳೆ ನೋಡಿ.

ಇಷ್ಟೆಲ್ಲ ಕೈಗೆಲಸ ಇದ್ದವಳು ತವರಿಗೆ ಬಂದು ಕುಳಿತಳು. ಹೌದು, ಕುಳಿತಳು. ಅದೇ ತಂಟೆ.

ನಮ್ಮ ವೈನಿ ಬಂಗಾರದಂಥ ಮನುಷ್ಯಳು. ಆದರೆ ಮೊದಲು ಹೆಸರು ಹಿಡಿದು ‘ನೀ’ ಎನ್ನುತ್ತಿದ್ದವಳು ಈಗ ತಂಗಿಗೆ ‘ನೀವು’ ಎನ್ನತೊಡಗಿದಳು. “ನೀವು ಕುಂಡ್ರ್ರಿ, ನಾ ಮಾಡ್ತೀನಿ.” ಕಸ ಬಳಿಯಲು ಹೋದರೆ ಕಸಬರಿಗೆ ಕಸಿದುಕೊಳ್ಳುವಳು. ರೊಟ್ಟಿ ಬಡಿಯಲು ಕುಳಿತರೆ “ಛೇ, ಬಿಡ್ರಿ, ನಿಮಗ ಎಲ್ಲಿ ರೂಢಿ” ಎನ್ನುವಳು. ಇಪ್ಪತ್ತು ವರ್ಷ ಹೊಗೆಯ ಯಂತ್ರದ ಜೊತೆ ಜಗಳಾಡಿ ರೊಟ್ಟಿ ಬಡಿದವಳಿಗೆ! ಬೆಳಗಿನ ಐದಕ್ಕೆ ಎದ್ದು ಅಂಗಳದಲ್ಲಿ ಕುಳಿತರೆ ಚಹ ಬರುತ್ತಿತ್ತು. ಎಂಟಕ್ಕೆ ನಾಷ್ಟಾ. ಒಂದಕ್ಕೆ ಊಟ. ನಾಲ್ಕಕ್ಕೆ ಮತ್ತೆ ಚಹ. ವಾರ, ತಿಂಗಳು ಹೀಗೇ. ಪಾವಣೇರು ಮೂರು ದಿನ ಚೆಂದ. ಎರಡು ವರ್ಷದ ಪಾವಣೇರಾಗಿ ಇರುವುದು ಹೇಗಿರುತ್ತದೆಂದು ನಾನು ಯೋಚಿಸಿರಲಿಲ್ಲ.

ಹಿತ್ತಿಲಲ್ಲಿ ಮಡಿ ಮಾಡುತ್ತೇನೆಂದಳು. ಅಣ್ಣ ಮರುದಿನವೇ ಆಳು ಕರೆಸಿದ. ಆ ಹುಡುಗ ಅರ್ಧ ತಾಸಿನಲ್ಲಿ ಅಗೆದು, ಮಡಿ ಕಟ್ಟಿ, ಬೀಜ ಎರಚಿ, ಕೈ ತೊಳೆದುಕೊಂಡು ಹೋದ. ತಂಗಿ ಸಲಿಕೆ ಹಿಡಿದುಕೊಂಡು ನಿಂತೇ ಇದ್ದಳು. ತೊಗರಿಯ ಕಸ ತೆಗೆಯುವ ದಿನಗಳಲ್ಲಿ ಯಾರಿಗೂ ಹೇಳದೆ ಹೊಲಕ್ಕೆ ನಡೆದುಹೋಗಿ ಕುರ್ಪಿ ಹಿಡಿದು ಸಾಲಿನಲ್ಲಿ ಕುಳಿತಳಂತೆ. ಆಳು ಹೆಣ್ಣುಮಕ್ಕಳು ಮೊದಲು ನಕ್ಕರು, ಆಮೇಲೆ ಒಬ್ಬಳು ಕೈಮುಗಿದು, “ಅಕ್ಕಾರ, ನಮ್ಮ ಕೂಲಿ ಕಳಿಬ್ಯಾಡ್ರಿ” ಎಂದಳು. ಸಂಜೆ ಅಣ್ಣ ಮುಖ ಗಂಟಿಕ್ಕಿಕೊಂಡ. ಲಂಡನ್ನಿನಿಂದ ಬಂದ ತಂಗಿಯನ್ನು ಕಸ ತೆಗೆಯಲು ಹಚ್ಚಿದ್ದಾನೆ ಎಂದು ಊರು ಆಡಿಕೊಂಡರೆ ಅವನು ತಲೆ ಎತ್ತಿ ಓಡಾಡುವುದು ಹೇಗೆ? ಅವನ ಮಾತೂ ಸುಳ್ಳಲ್ಲ. ಒಂದು ಎಕರೆ ಕೊಳ್ಳುವ ಮಾತು ಬಂದಾಗಲೂ ಹಾಗೇ. “ಹದಿನೆಂಟು ಎಕರೆ ನಿಂದ ಅಲ್ಲೇನು? ಮತ್ಯಾಕ ಬೇರೆ?” ಎಂದ. ನಿನ್ನದೇ ಎಂದ ಮೇಲೆ ಮಾತು ಮುಗಿಯಿತು. ನಮ್ಮಲ್ಲಿ ಹೆಣ್ಣುಮಕ್ಕಳಿಗೆ ತವರಿನಲ್ಲಿ ಎಲ್ಲವೂ ತಮ್ಮದೇ, ಒಂದು ಗುಂಟೆಯ ಹೊರತು.

2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಮೊಟ್ಟಮೊದಲ ಸಲ ಬಿಸಿಲು 40 ಡಿಗ್ರಿ ದಾಟಿತು. ನಮ್ಮಲ್ಲಿ ಮುಂಗಾರಿನ ಮೋಡ, ತಂಪು ಗಾಳಿ. ಪಕ್ಕದ ತುಂಡಿನ ಮುದುಕಿ ಫೋಟೋ ಕಳಿಸಿದ್ದಳು: ಬಿರಿದ ನೆಲ, ಸುಟ್ಟ ಸೊಪ್ಪು. ಅಷ್ಟು ದಿನ ಅವಳೇ ಇವಳ ತುಂಡಿಗೂ ನೀರು ಹನಿಸುತ್ತಿದ್ದಳು. ತಂಗಿ ಆ ಫೋಟೋವನ್ನು ಬೆರಳಿನಿಂದ ದೊಡ್ಡದು ಮಾಡಿ ಮಾಡಿ ನೋಡಿದಳು. ಆ ರಾತ್ರಿ ಉಣ್ಣಲಿಲ್ಲ. ಎಂಟು ಸಾವಿರ ಕಿಲೋಮೀಟರು ಆಚೆಯ ನಾಲ್ಕು ಸಾಲು ಮೆಂತೆಗಾಗಿ ಊಟ ಬಿಡುವುದೇ ಎಂದು ನಾನು ರೇಗಿದೆ.

ಈಗ ನನ್ನ ತಪ್ಪನ್ನು ಬರೆಯಬೇಕು.

2023ರಲ್ಲಿ ಅಣ್ಣನ ಮಗಳ ಕುಬಸ. ಚೊಚ್ಚಲು. ತವರಿಗೆ ಕರೆತಂದು ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಮಾಡುವ ಕಾರ್ಯ. ತಂಗಿ ಎರಡು ತಿಂಗಳಿನಿಂದ ಹುಟ್ಟುವ ಕೂಸಿಗಾಗಿ ಕುಲಾಯಿ, ಕುಂಚಿಗೆ ಹೊಲಿದಿದ್ದಳು. ಕುಂಚಿಗೆಯ ಅಂಚಿಗೆ ಅಪ್ಪನ ಹಳೆಯ ರುಮಾಲಿನ ಜರಿ ಇಟ್ಟಿದ್ದಳು. ಬಸುರಿಯನ್ನು ಕೂಡ್ರಿಸಿ ಉಡಿ ತುಂಬುವ ಹೊತ್ತು. ಮನೆ ತುಂಬ ಮುತ್ತೈದೆಯರು, ಬೀಗರ ಕಡೆಯ ಹೆಂಗಸರು. ತಂಗಿ ಕುಂಚಿಗೆಯನ್ನು ತಟ್ಟೆಯಲ್ಲಿಟ್ಟುಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಬೀಗತಿಯೊಬ್ಬಳ ಕಣ್ಣು ಅವಳ ಬರಿಯ ಹಣೆಯ ಮೇಲೆ ಹೋದದ್ದನ್ನು ನಾನು ಕಂಡೆ. ಕಂಡವಳೇ ತಂಗಿಯ ಹತ್ತಿರ ಹೋಗಿ ಮೆಲ್ಲಗೆ, “ನೀ ಒಳಗ ಅಡಿಗಿ ಕಡೆ ನೋಡ್ವಾ” ಎಂದೆ.

ವೈನಿ ಹೇಳಲಿಲ್ಲ. ಬೀಗರೂ ಹೇಳಲಿಲ್ಲ. ನಾನು ಹೇಳಿದೆ. ಒಂಬತ್ತನೆಯ ಇಯತ್ತೆಯ ಮಕ್ಕಳಿಗೆ ಶರಣರ ಪಾಠ ಮಾಡುವಾಗ ಕುಲ, ಹೆಣ್ಣು, ಗಂಡು ಎಂದು ಭೇದ ಎಣಿಸಬಾರದು ಎಂದು ಗಂಟಲು ಹರಿಯುವಂತೆ ಹೇಳುವವಳು, ಶರಣರ ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿ ಮಂಟಪ ಕಟ್ಟಿರುವ ಊರಿನ ಮಗಳು, ಹೇಳಿದೆ. ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಆಮೇಲೆ ನಾನು ಹೋಗಿ ನೋಡಿದಾಗ ಅಡಿಗೆಯವರ ನಡುವೆ ಕುಳಿತು ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಅದೊಂದು ದಿನ ಅವಳ ಕೈಯಿಂದ ಕೆಲಸವನ್ನು ಯಾರೂ ಕಸಿದುಕೊಂಡಿರಲಿಲ್ಲ.

ಅದರ ಬಗ್ಗೆ ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಎರಡು ವರ್ಷದಲ್ಲಿ ಅವಳಿಗೆ ನಿಜವಾಗಿ ದಕ್ಕಿದ ಕೆಲಸ ಒಂದೇ, ಅವ್ವನ ಜೊತೆಗಿನ ಕೌದಿ. ಎಂಬತ್ತು ದಾಟಿದ ಅವ್ವನಿಗೆ ಸೂಜಿಯ ಕಣ್ಣು ಕಾಣಿಸುವುದಿಲ್ಲ, ಬೆರಳು ಮಾತ್ರ ಇನ್ನೂ ಚುರುಕು. ತಂಗಿ ಮುಂಜಾನೆ ಹನ್ನೆರಡು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುವಳು. ಅವ್ವ ಒಂದೊಂದೇ ತೆಗೆದು ಹೊಲಿಯುವಳು. ಅಂಚಿನಿಂದ ಸುರುವಾದ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರಬೇಕು. ಒಂದು ಸುತ್ತು ಇವಳದು, ಒಂದು ಸುತ್ತು ಅವಳದು. ಅವ್ವನ ಇಳಕಲ್ ಸೀರೆ, ಅಪ್ಪನ ಧೋತರ, ನನ್ನ ಶಾಲೆಯ ಹತ್ತಿ ಸೀರೆ, ತಂಗಿಯ ಗಂಡನ ಎರಡು ಅಂಗಿ, ಎಲ್ಲ ಅದರೊಳಗೆ. ಆ ಅಂಗಿಗಳನ್ನು ಅವಳು ಲಂಡನ್ನಿನಿಂದ ತಂದಿದ್ದಳೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೊಲಿಯುವಾಗ ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ.

2023ರ ದೀಪಾವಳಿಯ ಹೊತ್ತಿಗೆ ಆ ತೋಟದವರ ಪತ್ರ ಬಂತು. ಮುದುಕಿಗೆ ಮಂಡಿನೋವು, ಎರಡು ತುಂಡು ನೋಡಿಕೊಳ್ಳಲಾರಳು. ಬರುವ ವಸಂತದೊಳಗೆ ನೀವು ಬಂದು ಸಾಗು ಮಾಡದಿದ್ದರೆ ತುಂಡು ಪಾಳಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಫೆಬ್ರವರಿಗೆ ಪರವಾನಗಿಯ ಗಡುವೂ ಮುಗಿಯುವುದಿತ್ತು. ತಂಗಿ ಎಂಟು ದಿನ ಸುಮ್ಮನಿದ್ದು, ಒಂಬತ್ತನೆಯ ದಿನ ಮಧ್ಯಾಹ್ನ ನಾನು ಡಬ್ಬಿ ಬಿಚ್ಚುತ್ತಿದ್ದಾಗ, “ಬಟಾಟಿ ಹಾಕೋ ಹೊತ್ತಿಗೆ ಹೋಗಬೇಕಂತ ಮಾಡೀನಿ ಅಕ್ಕಾ” ಎಂದಳು.

ನಾನು ಕೂಗಾಡಿದೆ. ಅವ್ವನ ವಯಸ್ಸು ಎಷ್ಟೆಂಬುದು ಗೊತ್ತಿದೆಯೇ, ಬಟಾಟೆ ಹೆಚ್ಚೋ ಹಡೆದವ್ವ ಹೆಚ್ಚೋ, ಆ ಕತ್ತಲು ದೇಶದಲ್ಲಿ ಒಬ್ಬಳೇ ಏನು ಮಾಡುತ್ತಿ, ಹೀಗೆ ಬಾಯಿಗೆ ಬಂದದ್ದೆಲ್ಲ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಬಾಗಿಲಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತಿದ್ದ ಅವ್ವ ನಡುವೆ ಬಾಯಿ ಹಾಕಿದಳು:

“ಹೋಗ್ಲಿ ಬಿಡ. ಆಕಿ ಕೈ ಸುಮ್ಮ ಕುಂತದ್ದು ನೋಡಿ ನೋಡಿ ನನಗ ಸಾಕಾಗೇತಿ.”

ನನ್ನ ಬಾಯಿ ಕಟ್ಟಿತು. ಅವ್ವನಿಗೆ ಸೂಜಿಯ ಕಣ್ಣು ಕಾಣುವುದಿಲ್ಲ ಎಂದೆನಲ್ಲ, ಬೇರೆಯದೆಲ್ಲ ಕಾಣುತ್ತದೆ.

ಕೌದಿ ಮುಗಿದದ್ದು 2024ರ ಜನವರಿ 11ರ ಎಳ್ಳಮಾವಾಸ್ಯೆಯ ಹಿಂದಿನ ದಿನ. ನಮ್ಮ ಅವ್ವನದೊಂದು ಪದ್ಧತಿ, ಕೌದಿ ಮುಗಿದರೆ ಅದರ ಉಡಿ ತುಂಬಬೇಕು. ಕೌದಿಯನ್ನು ಹಾಸಿ, ನಟ್ಟನಡುವೆ ಒಂದು ಹಿಡಿ ಅಕ್ಕಿ, ಉತ್ತತ್ತಿ, ಅಡಿಕೆ, ಬೆಲ್ಲದ ಚೂರು ಇಡುವುದು. ಪ್ರತಿ ಸಲ ವೈನಿಯನ್ನೋ ನನ್ನನ್ನೋ ಕರೆದು ಇಡಿಸುತ್ತಿದ್ದಳು, ಅಪ್ಪ ಹೋದ ಮೇಲೆ ತಾನು ಇಡುತ್ತಿರಲಿಲ್ಲ. ಅಂದು ನಾವಿಬ್ಬರೂ ಅಲ್ಲೇ ನಿಂತಿದ್ದೆವು. ಅವ್ವ ನಮ್ಮ ಕಡೆ ನೋಡಲಿಲ್ಲ. ಅಕ್ಕಿಯ ಮರವನ್ನು ತಂಗಿಯ ಮುಂದೆ ಸರಿಸಿ, “ನೀ ತುಂಬು” ಎಂದಳು. ತಂಗಿ ನನ್ನ ಮುಖ ನೋಡಿದಳು. ನಾನು ಉತ್ತತ್ತಿ ಎತ್ತಿ ಅವಳ ಕೈಗೆ ಕೊಟ್ಟೆ. ಆಮೇಲೆ ಅವ್ವ ತಾನೂ ಒಂದು ಹಿಡಿ ಇಟ್ಟಳು. ವೈನಿ ಸೆರಗಿನಿಂದ ಮೂಗು ಒರೆಸಿಕೊಂಡು ಚಹ ಮಾಡಲು ಒಳಗೆ ಹೋದಳು. ಮರುದಿನ ಹೊಲದಲ್ಲಿ ಚರಗ ಚೆಲ್ಲುವಾಗ ತಂಗಿಯೂ ಸಜ್ಜಿ ಕಡುಬು, ಭರ್ತ ಹಿಡಿದು ಅಣ್ಣನ ಜೊತೆ ಬೆಳೆಯ ಸುತ್ತ ನಡೆದಳು. ಅಣ್ಣ ಏನೂ ಅನ್ನಲಿಲ್ಲ.

ಚೀಲ ಕಟ್ಟುವುದು ದೊಡ್ಡ ರಂಪ. 23 ಕಿಲೋದ ಎರಡು ಚೀಲ. ಕೌದಿಯೇ ನಾಲ್ಕು ಕಿಲೋ ತೂಗಿತು. ಅಣ್ಣ ಜೋಳ ತೂಗುವ ಕಾಟಾ ತಂದಿಟ್ಟ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಒಂದೊಂದಾಗಿ ಇಳಿದವು, ಏರಿದವು. ಹಾಲು, ತುಪ್ಪದ ಪದಾರ್ಥ ಆ ದೇಶದೊಳಗೆ ಬಿಡುವುದಿಲ್ಲ, ಹಾಗಾಗಿ ವೈನಿ ಮಾಡಿದ ಪೇಡೆ ಮನೆಯಲ್ಲೇ ಉಳಿದು ನಮ್ಮ ಹೊಟ್ಟೆ ಸೇರಿತು. ಅವ್ವ ಪುಂಡಿಯ ಬೀಜವನ್ನು ಹಳೆಯ ಅರಿವೆಯಲ್ಲಿ ಗಂಟು ಕಟ್ಟಿ ಕೌದಿಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದಳು. ತಂಗಿ ಅದನ್ನು ಹುಡುಕಿ ಹೊರಗೆ ತೆಗೆದಳು. ಸರ್ಟಿಫಿಕೇಟು ಇಲ್ಲದೆ ಬಿತ್ತುವ ಬೀಜ ಒಯ್ಯುವ ಹಾಗಿಲ್ಲ. ಅವ್ವನಿಗೆ ಗೊತ್ತಾಗದ ಹಾಗೆ ಗಂಟನ್ನು ಗೋಡೆಯ ಮಾಡದಲ್ಲಿ ಇಟ್ಟು, ನನಗೆ ಕಣ್ಸನ್ನೆ ಮಾಡಿದಳು. ಮಳೆಗಾಲದಲ್ಲಿ ನಾನೇ ಅದನ್ನು ಒಯ್ದು ಶಾಲೆಯ ಬಿಸಿಯೂಟದ ಕೋಣೆಯ ಹಿಂದೆ ಬಿತ್ತಿದೆ. ಆಳು ಕರೆಯಲಿಲ್ಲ. ಎರಡು ದಿನ ಸೊಂಟ ಹಿಡಿದಿತ್ತು.

ಜನವರಿ ಕೊನೆಗೆ ಅವಳು ಹೋದಳು. ಯಾಕೆ ಹೋದಳೆಂದು ಊರವರು ಈಗಲೂ ಕೇಳುತ್ತಾರೆ. “ಮಗಳು ಒಬ್ಬಾಕಿ ಅದಾಳಲ್ಲ, ಅದಕ” ಎನ್ನುತ್ತೇನೆ. “ಖರೆ ಬಿಡ್ರಿ” ಎಂದು ಒಪ್ಪುತ್ತಾರೆ. ಹೆಣ್ಣುಮಗಳು ಮಗಳಿಗಾಗಿ ಹೋದಳು ಎಂದರೆ ಯಾರೂ ಮತ್ತೆ ಕೇಳುವುದಿಲ್ಲ. ಎರಡೂವರೆ ಗುಂಟೆಗಾಗಿ ಹೋದಳು ಎಂದರೆ ಹುಚ್ಚಿ ಎಂದಾರು. ಅವಳು ನನ್ನಿಂದಾಗಿಯೂ ಹೋಗಿರಬಹುದು ಎಂಬುದನ್ನು ಬಸ್ಸಿನಲ್ಲಿ ಕುಳಿತಾಗ ನೆನೆಯುತ್ತೇನೆ. ಫೋನಿನಲ್ಲಿ ಒಂದು ಸಲ ಆ ಕುಬಸದ ಮಾತು ಎತ್ತಿದೆ. “ಆ ಉಳ್ಳಾಗಡ್ಡಿ ಭಾಳ ಖಾರ ಇದ್ವು ಅಕ್ಕಾ” ಎಂದಳು. ಅಷ್ಟೇ.

ಭಾನುವಾರ ರಾತ್ರಿ ಏಳೂವರೆಗೆ ಅವ್ವ ಫೋನಿನ ಮುಂದೆ ಬಂದು ಕೂಡ್ರುತ್ತಾಳೆ. ಬೇಸಿಗೆಯಲ್ಲಿ ಆಗ ಅಲ್ಲಿ ಮಧ್ಯಾಹ್ನದ ಮೂರು. ತಂಗಿ ಟೊಪ್ಪಿಗೆ ಹಾಕಿಕೊಂಡು ತುಂಡಿನ ನಡುವೆ ನಿಂತು ತೋರಿಸುತ್ತ ಹೋಗುತ್ತಾಳೆ: ಇದು ಮೆಂತೆ, ಇದು ಕಾಳು, ಇದು ಬಸವನಹುಳು ತಿಂದುಬಿಟ್ಟದ್ದು. ಬೇಲಿಯಾಚೆ ಮುದುಕಿ ಕೈ ಬೀಸುತ್ತಾಳೆ, ಅವ್ವ ಕೈ ಮುಗಿಯುತ್ತಾಳೆ. ಆ ವರ್ಷ ಜುಲೈಯಲ್ಲಿ ಬಟಾಟೆ ಅಗೆದ ದಿನ ಬಕೆಟ್ಟನ್ನು ಓರೆ ಮಾಡಿ ತೋರಿಸಿದಳು. ಮುಖಕ್ಕೆಲ್ಲ ಮಣ್ಣು ಮೆತ್ತಿತ್ತು.

ಅವ್ವ ಫೋನಿನ ಹತ್ತಿರ ಕಣ್ಣು ಒಯ್ದು ಬಹಳ ಹೊತ್ತು ನೋಡಿದಳು.

“ಇಷ್ಟ ಏನ? ಸಣ್ಣೂ ಅದಾವ್ವಾ” ಎಂದಳು. “ಮುಂದಿನ ವರ್ಷ ಒಂದ್ ಎಂಟ್ ದಿನ ಲಗೂ ಹಾಕು.”